ನನ್ನ ಇದ್ದಿಲು, ಕಾಪು ಮಾಸ್ಟ್ರ ಇದ್ದಿಲು

ಕಳೆದ ವಾರ ಹಿರಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಜೋರು ಮಳೆ ಬಂತೆಂದು ಒಂದು ಅಂಗಡಿಯ ಮಾಡಿನ ಕೆಳಗೆ ನಿಂತೆ. ಒಳಗೆ ಯಾರೋ ಗಂಧಕದ ಚೀಲ ಬಿಚ್ಚುತ್ತಿದ್ದರು. ಆ ಹಳದಿ ಹುಡಿಯ ವಾಸನೆ ಮೂಗಿಗೆ ಬಂದದ್ದೇ ನನಗೆ ಒಬ್ಬನಿಗೇ ನಗು ಬಂತು. ಪಕ್ಕದಲ್ಲಿ ಕೊಡೆ ಮಡಚುತ್ತಿದ್ದ ಹೆಂಗಸು ಸ್ವಲ್ಪ ಆಚೆ ಸರಿದು ನಿಂತರು. ಅವರದ್ದೂ ತಪ್ಪಲ್ಲ. ಗಂಧಕಕ್ಕೆ ಕಣ್ಣುಜ್ಜಿಕೊಳ್ಳುವವರನ್ನು ನೋಡಿದ್ದಾರು, ನಗುವವರನ್ನು ನೋಡಿರಲಿಕ್ಕಿಲ್ಲ.

ನನಗೆ ನೆನಪಾದದ್ದು ಎರಡು ವರ್ಷದ ಹಿಂದಿನ ಮಳೆಗಾಲ. ಆ ಮಳೆಗಾಲದಲ್ಲಿ ನಾನು ಪಟ್ಟಷ್ಟು ಹೊಟ್ಟೆಕಿಚ್ಚು ಜೀವಮಾನದಲ್ಲಿ ಪಟ್ಟವನಲ್ಲ. ಪಾಲಿನಲ್ಲಿ ಅಣ್ಣನಿಗೆ ಒಳ್ಳೆಯ ಗದ್ದೆ ಹೋದಾಗಲೂ ಪಟ್ಟಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ, ತೆಂಗಿನ ಗೆರಟೆ, ಎಂದರೆ ಕಾಯಿಯ ಚಿಪ್ಪು, ಸುಟ್ಟು ಮಾಡಿದ ಇದ್ದಿಲಿನ ವಿಷಯದಲ್ಲಿ ಪಟ್ಟೆ. ಅದೂ ಯಾರ ಮೇಲೆ? ನನ್ನ ಬೀಗರ ಮೇಲೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವ. ಹಿರಿಯಡ್ಕದಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮ ಮನೆ. ಕೊಬ್ಬರಿ ಮಾಡುವುದು ನನ್ನ ಕೆಲಸ. ಸುತ್ತಲಿನ ತೋಟಗಳಿಂದ ಕಾಯಿ ತಂದು ಸುಲಿಯುವುದು, ಒಡೆಯುವುದು, ಬೇಸಗೆಯಲ್ಲಿ ಅಂಗಳದ ಬಿಸಿಲಿಗೆ, ಮಳೆಗಾಲದಲ್ಲಿ ಕೊಟ್ಟಿಗೆಯ ಹೊಗೆ ಅಟ್ಟಕ್ಕೆ ಹಾಕಿ ಒಣಗಿಸಿ ಎಣ್ಣೆ ಮಿಲ್ಲಿಗೆ ಕೊಡುವುದು. ಉಳಿದ ಗೆರಟೆಯನ್ನು ಕಬ್ಬಿಣದ ಡ್ರಮ್ಮಿನಲ್ಲಿ ಸುಟ್ಟು ಇದ್ದಿಲು ಮಾಡುತ್ತೇನೆ. ನಮ್ಮ ಕಡೆ ಅದಕ್ಕೆ ಮಸಿ ಎಂದೇ ಹೇಳುವುದು. ಇಸ್ತ್ರಿಯವರು ಬಂದು ಒಯ್ಯುತ್ತಾರೆ.

ಮಗಳನ್ನು ಕೊಟ್ಟದ್ದು ಕಾಪುವಿಗೆ. ಅವಳ ಮಾವ ವಾಸು ಮಾಸ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಮಾತು ಮರ್ಯಾದೆಯಲ್ಲಿ ಒಂದು ಚೂರು ಕೊರತೆ ಇಲ್ಲದ ಮನುಷ್ಯ. ತೊಂದರೆ ಇರುವುದು ಬೇರೆ ಕಡೆ. ನಮ್ಮಿಬ್ಬರಿಗೂ ಸೇರಿ ಇರುವುದು ಒಬ್ಬಳೇ ಮೊಮ್ಮಗಳು, ನಿಶ್ಮಿತಾ. ಆ ನಿಶ್ಮಿತಾ ಈಗ ಡಾಕ್ಟರು. ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿ ಓದಿ ಇನ್ನು ಓದಲಿಕ್ಕೆ ಏನೂ ಉಳಿಯದೆ ಹೋದಾಗ ಕೊಡುತ್ತಾರಲ್ಲ, ಆ ಡಾಕ್ಟರು. ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ. ಕಂಡಕ್ಟರು ಟಿಕೆಟು ಹರಿಯುವಷ್ಟರಲ್ಲಿ ಹೇಳಿ ಮುಗಿಸಲು ಕಲಿತಿದ್ದೇನೆ.

ಆ ವರ್ಷ ಮಳೆ ಹಿಡಿದು ಹೆಚ್ಚು ದಿನ ಆಗಿರಲಿಲ್ಲ. ಒಂದು ಆದಿತ್ಯವಾರ ಅವಳು ಮಣಿಪಾಲದ ಹಾಸ್ಟೆಲಿನಿಂದ ಬಂದಳು. ಬಂದರೆ ಮೊದಲು ಅಡುಗೆಮನೆಗೆ ಹೋಗಿ, ಅಜ್ಜಿ ಎಂತ ಉಂಟು ಎಂದು ಗುಲಾಬಿಯನ್ನು ಕೇಳುವುದು ಅವಳ ಕ್ರಮ. ಗುಲಾಬಿ ನನ್ನ ಹೆಂಡತಿ. ಆ ದಿನ ಮಾತ್ರ ನೇರವಾಗಿ ಕೊಟ್ಟಿಗೆಗೆ ಬಂದು, ಇದ್ದಿಲಿನ ಗೋಣಿಯ ಬಾಯಿ ಬಿಚ್ಚಿ, ಒಂದು ತುಂಡನ್ನು ಉಗುರಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿದಳು. ಚೆನ್ನಾಗಿ ಸುಟ್ಟ ಗೆರಟೆ ಟಿಣ್ ಎನ್ನುತ್ತದೆ. ಅದನ್ನು ಅವಳಿಗೆ ಚಿಕ್ಕವಳಿರುವಾಗ ಕಲಿಸಿದ್ದು ನಾನೇ.

"ಅಜ್ಜ, ನಿಮ್ಮ ಮಸಿ ನನಗೆ ಬೇಕು."

"ಎಂತಕ್ಕೆ? ಹಾಸ್ಟೆಲಿನಲ್ಲಿ ಕರೆಂಟಿನ ಇಸ್ತ್ರಿ ಪೆಟ್ಟಿಗೆ ಇಲ್ವಾ?"

"ಲ್ಯಾಬಿಗೆ," ಎಂದಳು.

ಅಷ್ಟು ವರ್ಷ ಅವಳು ಓದಿದಳು, ನಾನು ಕೊಟ್ಟದ್ದು ಎಂತ? ಬಾಳೆಹಣ್ಣು, ತೆಂಗಿನೆಣ್ಣೆ, ಬಸ್ ಸ್ಟಾಪಿನವರೆಗೆ ಕೊಡೆ. ಓದಿಗೆ ಬೇಕಾದದ್ದು ನನ್ನ ಕೈಯಲ್ಲಿ ಉಂಟು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅವಳು ಒಡೆದ ಗೆರಟೆಗಳ ರಾಶಿಯ ಪಕ್ಕ ಕೂತು ವಿವರಿಸಿದಳು. ಮದ್ದು ಮಾಡಲು ಬೇಕಾಗುವ ಒಂದು ವಸ್ತು ಉಂಟಂತೆ. ಅದರ ಒಂದು ತುದಿಗೆ ಹೈಡ್ರೋಜನ್ ಸೇರಿಸಿದರೆ ಬೇಕಾದದ್ದು ಸಿಗುತ್ತದೆ. ಇನ್ನೊಂದು ತುದಿಯಲ್ಲಿ ಕ್ಲೋರಿನ್ ಕೂತಿದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಇರುತ್ತದಲ್ಲ, ಅದೇ. ಅದನ್ನು ಮುಟ್ಟಬಾರದು. ಹೈಡ್ರೋಜನ್ ತಾನಾಗಿ ಹೋಗಿ ಸೇರುವುದಿಲ್ಲ, ಸೇರಿಸಲು ಪೆಲ್ಲಾಡಿಯಂ ಎಂಬ ಲೋಹ ಬೇಕು. ಬೆಲೆಯಲ್ಲಿ ಅದು ಚಿನ್ನದ ಜಾತಿಯದ್ದು. ಆದ್ದರಿಂದ ಅದನ್ನು ಧೂಳಿಗಿಂತ ಸಣ್ಣದು ಮಾಡಿ ಇದ್ದಿಲಿನ ಮೈಮೇಲೆ ಕೂರಿಸುತ್ತಾರೆ. ಇದ್ದಿಲಿನಲ್ಲಿ ಕಣ್ಣಿಗೆ ಕಾಣದ ತೂತುಗಳು ತುಂಬ, ಕೂರಲಿಕ್ಕೆ ಜಾಗ ಧಾರಾಳ. ಕೆಲಸ ಮಾಡಿಸಿ ತಾನು ಖರ್ಚಾಗದೆ ಉಳಿಯುವ ಇಂಥದ್ದಕ್ಕೆ ಕ್ಯಾಟಲಿಸ್ಟ್ ಎನ್ನುತ್ತಾರೆ.

ನಾನು ನನಗೆ ತಿಳಿದ ಹಾಗೆ ಮಾಡಿಕೊಂಡೆ. ಲೋಹ ಎಂದರೆ ಕಾಯಿ ಕೊಯ್ಯುವವ. ಇದ್ದಿಲು ಅವನು ಕಾಲಿಡುವ ಮರ. ಅವನು ಬಲಿತ ಗೊನೆ ಮಾತ್ರ ಕಡಿಯಬೇಕು, ಎಳನೀರಿನ ಗೊನೆಗೆ ಕತ್ತಿ ತಾಗಿಸಬಾರದು. ಹೀಗಾ ಎಂದು ಕೇಳಿದೆ. ಹೌದು ಅಜ್ಜ, ಅಂಗಡಿಯಿಂದ ತಂದ ಇದ್ದಿಲಿನ ಮೇಲೆ ಕೂರಿಸಿದರೆ ಅವನು ಎರಡನ್ನೂ ಕಡಿದು ಹಾಕ್ತಾನೆ, ಎಂದಳು. ಹೇಳುವಾಗ ನಗಲಿಲ್ಲ. ಅವಳಿಗೆ ಕಲಿಸುವ ಮೇಡಂ ನವರಾತ್ರಿಯವರೆಗೆ ನೋಡೋಣ ಎಂದಿದ್ದರು. ಅಷ್ಟರೊಳಗೆ ಆಗದಿದ್ದರೆ ಈ ವಿಷಯವನ್ನೇ ಬಿಟ್ಟು ಹೊಸತು ಹಿಡಿಯಬೇಕು, ಮಾಡಿದ ವರ್ಷಗಳೆಲ್ಲ ನೀರಿಗೆ ಹಾಕಿದ ಹಾಗೆ. ಊರಿನ ಗೆರಟೆಯಲ್ಲೇ ಒಮ್ಮೆ ನೋಡುತ್ತೇನೆ ಎಂದು ಇವಳೇ ಹಟ ಹಿಡಿದದ್ದು.

ನಾನು ಗೋಣಿಯನ್ನೇ ಹೊತ್ತುಕೊಳ್ಳಲು ಹೊರಟೆ. ಒಂದು ಡಬ್ಬ ಸಾಕು ಅಜ್ಜ, ಅವಸರವೂ ಇಲ್ಲ, ಕಾಪು ಅಜ್ಜ ಹೋದ ವಾರವೇ ಒಂದು ಡಬ್ಬ ಕೊಟ್ಟಿದ್ದಾರೆ, ಮೊದಲು ಅದನ್ನು ನೋಡ್ತೇನೆ, ಎಂದಳು.

ಅವಳು ಸಹಜವಾಗಿ ಹೇಳಿದಳು. ನನಗೆ ಎದೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಹುಟ್ಟಿದಂದಿನಿಂದ ನಾನು ಇದ್ದಿಲಿನ ಮಧ್ಯೆ ಇದ್ದೇನೆ. ಜೀವಮಾನದಲ್ಲಿ ಒಂದು ಗೆರಟೆ ಸುಡದ ಮಾಸ್ಟ್ರು ನನಗಿಂತ ಮೊದಲು ಇದ್ದಿಲು ಕೊಟ್ಟರಂತೆ.

ಮರುದಿನದಿಂದ ನಾನು ಬೇರೆ ಕೆಲಸ ಬಿಟ್ಟೆ. ಕಾರ್ಕಳಕ್ಕೆ ಹೋಗಿ ಹೊಸ ಡ್ರಮ್ಮು ತಂದೆ. ಒಳ್ಳೆ ಬಲಿತ ಕಾಯಿಯ ಗೆರಟೆಯನ್ನೇ ಆರಿಸಿ, ನಾರು ಕೆರೆದು, ಒಂದರೊಳಗೊಂದು ಕೂರಿಸಿ ತುಂಬಿದೆ. ಅಡಿಯಿಂದ ಬೆಂಕಿ ಕೊಟ್ಟರೆ ಮೊದಲು ಬಿಳಿ ಹೊಗೆ ದಪ್ಪಕ್ಕೆ ಏಳುತ್ತದೆ. ಅದು ತೆಳ್ಳಗಾಗಿ ನೀಲಿಗೆ ತಿರುಗಿದ ಕೂಡಲೇ ಮುಚ್ಚಳ ಹಾಕಿ ಸಂದಿಗೆ ಮಣ್ಣು ಮೆತ್ತಬೇಕು. ಸ್ವಲ್ಪ ತಡವಾದರೆ ಬರೀ ಬೂದಿ. ಆ ಮಳೆಯಲ್ಲಿ ಮಣ್ಣು ನಿಲ್ಲುವುದಿಲ್ಲ. ಗುಲಾಬಿ ಕೊಡೆ ಹಿಡಿದು ನಿಂತಳು. ನಾನು ಮೆತ್ತಿದೆ. ನಿಮಗೆ ಮಗಳ ಮದುವೆಗೂ ಇಷ್ಟು ಗಡಿಬಿಡಿ ಇರಲಿಲ್ಲ ಎಂದಳು.

ಆಟಿ ತಿಂಗಳು ಬಂತು. ಗುಲಾಬಿ ಕೆಸುವಿನೆಲೆಯ ಪತ್ರೊಡೆ ಮಾಡಿದ್ದಳು, ಬೀಗರ ಮನೆಗೆ ಕೊಟ್ಟು ಬನ್ನಿ ಎಂದು ಕಟ್ಟಿ ಕೊಟ್ಟಳು. ನನಗೂ ಅಷ್ಟೇ ಬೇಕಿತ್ತು. ಪತ್ರೊಡೆಯ ನೆವದಲ್ಲಿ ಕಾಪುವಿಗೆ ಹೋದೆ. ಕಡಲು ಭೋರೆನ್ನುತ್ತಿತ್ತು, ಮಾಸ್ಟ್ರು ಮನೆಯ ಹಿಂದಿನ ಚಾವಣಿಯ ಕೆಳಗೆ ಇದ್ದರು. ನಾನು ನೋಡಿದ್ದು ಹೇಳುತ್ತೇನೆ: ಗಾಜಿನ ಬಾಟಲಿಗಳು, ಸಾಲಾಗಿ. ಒಂದೊಂದರಲ್ಲೂ ತೊಳೆದು ಒಣಗಿಸಿದ ಇದ್ದಿಲು, ಒಂದೇ ಅಳತೆಯ ತುಂಡುಗಳು, ಮೇಲೆ ಚೀಟಿ. ಚೀಟಿಯ ಅಕ್ಷರ ನಮ್ಮ ನಿಶ್ಮಿತಾಳದ್ದು. ಡ್ರಮ್ಮಿಗೆ ಒಂದು ಉದ್ದದ ಉಷ್ಣಮಾಪಕ ಚುಚ್ಚಿ ಇಟ್ಟಿದ್ದರು.

"ಭಾವ, ಮುಖ್ಯ ಎಂತ ಗೊತ್ತುಂಟಾ? ಮೇಲ್ಮೈ ವಿಸ್ತೀರ್ಣ," ಎಂದರು ಮಾಸ್ಟ್ರು. "ಒಂದು ಚಮಚ ಇದ್ದಿಲಿನ ತೂತುಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ದೊಡ್ಡ ಗದ್ದೆ ಆಗ್ತದೆ."

ಅವರು ಹೈಡ್ರೋಜನ್ನಿಗೆ ಜಲಜನಕ ಎನ್ನುತ್ತಾರೆ, ಕ್ಯಾಟಲಿಸ್ಟಿಗೆ ವೇಗವರ್ಧಕ ಎನ್ನುತ್ತಾರೆ. ಹಾಗೆ ಹೇಳುವಾಗ ಅವರ ಬಾಯಿ ತುಂಬುತ್ತದೆ. ನಾನು ಚಾ ಕುಡಿಯುತ್ತಿರುವಾಗಲೇ ಅವಳ ಫೋನು ಬಂತು. ಮಾಸ್ಟ್ರು ಎದ್ದು ನಿಂತು ಮಾತಾಡಿದರು. ಅರ್ಧ ಇಂಗ್ಲಿಷ್, ಅರ್ಧ ನಮ್ಮ ಭಾಷೆ. ಉಷ್ಣತೆ ಎಷ್ಟು, ಒತ್ತಡ ಎಷ್ಟು, ಹೌದಾ, ಹಾಗಾದರೆ ಹೀಗೆ ಮಾಡಿ ನೋಡು. ಚಾ ಆರಿ ಕೆನೆ ಕಟ್ಟುವವರೆಗೂ ಮಾತಾಡಿದರು. ಕೊನೆಗೆ, ಹಿರಿಯಡ್ಕ ಅಜ್ಜ ಇಲ್ಲೇ ಇದ್ದಾರೆ ಎಂದು ನನ್ನ ಕೈಗೆ ಕೊಟ್ಟರು.

"ಅಜ್ಜ, ಊಟ ಆಯ್ತಾ?" ಎಂದಳು.

ಅಷ್ಟೇ. ಅವರಿಗೆ ಒತ್ತಡ, ಉಷ್ಣತೆ. ನನಗೆ ಊಟ ಆಯ್ತಾ. ಶಿರ್ವದ ದಾರಿಯಾಗಿ ಬಸ್ಸಿನಲ್ಲಿ ಹಿಂದೆ ಬರುವಾಗ ಕಿಟಕಿಯ ಟರ್ಪಾಲು ಬಡಿದು ಮುಖಕ್ಕೆ ನೀರು ರಾಚುತ್ತಿತ್ತು. ನಾನು ಒರೆಸಿಕೊಳ್ಳಲೂ ಇಲ್ಲ. ಆ ಬಾಟಲಿಗಳೇ ಕಣ್ಣೆದುರು.

ಮನೆಗೆ ಬಂದು ನನ್ನ ಇದ್ದಿಲು ನೋಡಿದರೆ ಗೋಣಿ ತೇವ ಎಳೆದು ತಣ್ಣಗಾಗಿತ್ತು. ಆಟಿಯ ಮಳೆಯಲ್ಲಿ ನೆಲವೇ ಬೆವರುತ್ತದೆ, ಇದ್ದಿಲು ಬಿಡುತ್ತದೆಯೇ? ಮಾಸ್ಟ್ರ ಇದ್ದಿಲು ಬಾಟಲಿಯಲ್ಲಿ ಗರಿಗರಿ. ನಾನು ಯೋಚಿಸಿದೆ. ಮಳೆಗಾಲದಲ್ಲಿ ಕೊಬ್ಬರಿಗೆ ಬೂಷ್ಟು ಬಾರದ ಹಾಗೆ ನಾವು ಎಂತ ಮಾಡುತ್ತೇವೆ? ಕೊಟ್ಟಿಗೆಯ ಬಾಗಿಲು ಹಾಕಿ, ಒಡೆದ ಗೆರಟೆಯಲ್ಲಿ ಗಂಧಕ ಇಟ್ಟು ಹೊತ್ತಿಸಿ, ಅದರ ಹೊಗೆ ಕೊಡುತ್ತೇವೆ. ಅಪ್ಪನ ಕಾಲದಿಂದ ಹಾಗೆಯೇ. ನನ್ನ ಇದ್ದಿಲನ್ನು ತಟ್ಟೆಗಳಲ್ಲಿ ಹರವಿ ಕೊಬ್ಬರಿಯ ಪಕ್ಕ ಅಟ್ಟಕ್ಕೆ ಏರಿಸಿದೆ. ಕೊಬ್ಬರಿಗೆ ಒಳ್ಳೆಯದಾದದ್ದು ಇದಕ್ಕೂ ಆಗಲಿ ಎಂದು.

ಗುಲಾಬಿ ಬಾಗಿಲಲ್ಲಿ ನಿಂತು ನೋಡಿದಳು. "ನಿಮಗೆ ಎಂತ ಮರ್ಲಾ? ಮಸಿಗೆ ಬೂಷ್ಟು ಹಿಡಿದದ್ದನ್ನು ಯಾರಾದರೂ ನೋಡಿದ್ದು ಉಂಟಾ?"

ನಾನು ಗಂಧಕ ಹೊತ್ತಿಸಿದೆ. ಗೆಲ್ಲಬೇಕೆಂದು ಹೊರಟವನಿಗೆ ಹೆಂಡತಿಯ ಮಾತು ಕೇಳಿಸುವುದಿಲ್ಲ.

ಆ ಇದ್ದಿಲನ್ನು ತೊಳೆದ ಸ್ಟೀಲ್ ಡಬ್ಬದಲ್ಲಿ ತುಂಬಿ ನಾನೇ ಮಣಿಪಾಲಕ್ಕೆ ತೆಗೆದುಕೊಂಡು ಹೋದೆ. ಅದನ್ನು ಅವಳು ಇನ್ನೊಮ್ಮೆ ಒಲೆಗೆ ಹಾಕಿ, ಹದ ಮಾಡಿ, ಲೋಹ ಕೂರಿಸಿ ಮುಗಿಸುವಾಗ ಒಂದು ವಾರ ಕಳೆಯಿತು. ಪರೀಕ್ಷೆ ಮಾಡುವ ದಿನ ಮತ್ತೆ ಹೋದೆ. ಒಳಗೆ ಬಿಡಲಿಲ್ಲ, ಬಾಗಿಲಿನ ಗಾಜಿನಿಂದ ನೋಡಲು ಹೇಳಿದಳು. ಕುಕ್ಕರಿನ ಹಾಗೆ ಮುಚ್ಚಳ ಬಿಗಿದ ಒಂದು ದಪ್ಪ ಉಕ್ಕಿನ ಪಾತ್ರೆ, ಮೇಲೆ ಗಡಿಯಾರದ ಹಾಗೆ ಒಂದು ಮುಳ್ಳು. ಒಳಗಿನ ವಸ್ತು ಹೈಡ್ರೋಜನ್ ಕುಡಿದ ಹಾಗೆ ಮುಳ್ಳು ಇಳಿಯಬೇಕು. ಮಾಸ್ಟ್ರ ಇದ್ದಿಲಿಗೆ ಮುಳ್ಳು ಗುಡ್ಡೆ ಇಳಿಯುವ ಸೈಕಲ್ಲಿನ ಹಾಗೆ ಇಳಿದಿತ್ತಂತೆ. ನನ್ನದಕ್ಕೆ ನಿಂತಲ್ಲೇ ನಿಂತಿತು. ನಾನು ಗಾಜಿಗೆ ಹಣೆ ಒತ್ತಿ ನೋಡುತ್ತಲೇ ಇದ್ದೆ. ಹೋಗುವ ಬರುವ ಮಕ್ಕಳು, ಎಲ್ಲೆಲ್ಲಿಯದ್ದೋ ಭಾಷೆ ಆಡುವವರು, ಈ ಮುದುಕ ಯಾರೆಂದು ನೋಡಿ ಹೋಗುತ್ತಿದ್ದರು. ಮುಳ್ಳು ಅಲುಗಾಡಿತು ಎಂದು ಒಮ್ಮೆ ಅನಿಸಿತು. ಅದು ನನ್ನ ಉಸಿರು ತಾಗಿ ಗಾಜು ಮಬ್ಬಾದದ್ದು.

ಅವಳು ಹೊರಗೆ ಬಂದು, ನಿಧಾನ ಉಂಟು ಅಜ್ಜ, ನೋಡುವ, ಎಂದಳು. ಆ ನೋಡುವ ಎಂಬುದರಲ್ಲೇ ನನಗೆ ತಿಳಿಯಿತು.

ಕೆಲವು ದಿನ ಬಿಟ್ಟು ಫೋನು ಮಾಡಿದಳು. ಮೇಡಂ ನನ್ನ ಇದ್ದಿಲನ್ನು ಯಂತ್ರದಲ್ಲಿಟ್ಟು ನೋಡಿಸಿದ್ದರು, ಅದರಲ್ಲಿ ಗಂಧಕ ಕಂಡಿತ್ತು. ಹೌದು, ನಾನೇ ಹೊಗೆ ಕೊಟ್ಟದ್ದು, ಕೊಬ್ಬರಿಗೆ ಕೊಡುವ ಹಾಗೆ, ಎಂದೆ. ಅವಳು ಬಯ್ಯಲಿಲ್ಲ. ಬಯ್ದದ್ದು ಮಾಸ್ಟ್ರು, ಅದೂ ನಗುತ್ತಾ.

"ಭಾವ, ಪೆಲ್ಲಾಡಿಯಮ್ಮಿಗೆ ಗಂಧಕ ಅಂದರೆ ವಿಷ. ಹತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತುಂಟು."

ನಾನು ಹತ್ತನೇ ಕ್ಲಾಸು ನೋಡಿದವನಲ್ಲ ಎಂದು ಅವರಿಗೆ ನೆನಪಿರಲಿಲ್ಲವೋ, ನೆನಪಿದ್ದೇ ಹೇಳಿದರೋ. ಆ ರಾತ್ರಿ ಊಟ ಸೇರಲಿಲ್ಲ. ನನ್ನ ಕೈಯಿಂದ ಹುಡುಗಿಯ ಹೊತ್ತು ಹಾಳಾಯಿತು ಎಂಬುದು ಒಂದು ದುಃಖ. ಮಾಸ್ಟ್ರು ಗೆದ್ದರು ಎಂಬುದು ಇನ್ನೊಂದು. ಎರಡನೆಯದೇ ಸ್ವಲ್ಪ ಹೆಚ್ಚು ಇತ್ತು ಎಂದು ಕಾಣುತ್ತದೆ.

ಆದರೆ ಮಾಸ್ಟ್ರು ಗೆದ್ದಿರಲಿಲ್ಲ. ಅವರ ಇದ್ದಿಲಿನ ಮೇಲೆ ಕೂತ ಲೋಹ ಹೈಡ್ರೋಜನ್ನನ್ನು ಗಟಗಟ ಕುಡಿಸಿ, ಸೇರಿಸಬೇಕಾದಲ್ಲಿ ಸೇರಿಸಿ, ಕ್ಲೋರಿನ್ನನ್ನೂ ಕಿತ್ತು ಹಾಕುತ್ತಿತ್ತು. ಅವಳು ಬೆಂಕಿ ಕಡಿಮೆ ಮಾಡಿದಳು, ಲೋಹ ಕಡಿಮೆ ಮಾಡಿದಳು. ಪ್ರತಿ ಸಲ ಅದೇ ಕತೆ. ಚೌತಿ ಹತ್ತಿರ ಬಂದಿತ್ತು. ಮನೆಗೆ ಬಂದವಳು ಬಟ್ಟಲಿನ ಗಂಜಿಯನ್ನು ಚಮಚದಲ್ಲಿ ತಿರುಗಿಸುತ್ತಾ ಕೂತಳು. ಅವಳ ತಲೆಗೆ ಎಣ್ಣೆ ಹಾಕುತ್ತಾ ಗುಲಾಬಿ ನನ್ನನ್ನು ನೋಡಿದಳು. ನಾನು ಅಂಗಳದ ಪಾಚಿ ನೋಡಿದೆ.

ಅವಳು ಬಿಸಾಡಲು ಎತ್ತಿಟ್ಟಿದ್ದ ನನ್ನ ಇದ್ದಿಲನ್ನು ಉಳಿಸಿದವರು ಆ ಮೇಡಂ. ಗಂಧಕ ತಾಗಿದ ಲೋಹ ಸತ್ತಿದೆಯೋ, ಬರೀ ಸೊಕ್ಕು ಇಳಿದಿದೆಯೋ, ಎರಡೂ ಬೇರೆ ಬೇರೆ, ಪುಸ್ತಕದಲ್ಲಿ ಎರಡೂ ಉಂಟು, ಎಂದರಂತೆ. ಅದನ್ನು ಪೂರ್ತಿ ಹೊತ್ತು ನಡೆಸಿ ನೋಡು ಎಂದರು. ಬೆಳಿಗ್ಗೆ ಪಾತ್ರೆ ಮುಚ್ಚಿದವಳು ಸಂಜೆಯವರೆಗೆ ಪಕ್ಕದಲ್ಲೇ ಕೂತಳು. ಮುಳ್ಳು ಇಳಿಯಿತು, ಬಸವನಹುಳು ಗೋಡೆ ಇಳಿದ ಹಾಗೆ. ಬಿಚ್ಚಿ ನೋಡಿದರೆ ಸೇರಬೇಕಾದಲ್ಲಿ ಹೈಡ್ರೋಜನ್ ಸೇರಿತ್ತು. ಕ್ಲೋರಿನ್ ಕೂತಲ್ಲೇ ಕೂತಿತ್ತು.

ಚುರುಕಿನ ಕೊಯ್ಯುವವ ಕೈಗೆ ಸಿಕ್ಕಿದ್ದನ್ನೆಲ್ಲ ಕಡಿದ. ಗಂಧಕದ ಹೊಗೆ ಕುಡಿದು ಮಂಕಾದವ ಬಲಿತದ್ದನ್ನು ಕಡಿಯುವಷ್ಟರಲ್ಲೇ ಸುಸ್ತಾಗಿ ಇಳಿದ. ನನ್ನ ಲೆಕ್ಕದಲ್ಲಿ ಇಷ್ಟೇ.

ಆ ಸುದ್ದಿ ಕೇಳಿ ನಾನು ಮಾಡಿದ ಮೊದಲ ಕೆಲಸ ಎಂತ? ಕಾಪುವಿಗೆ ಫೋನು. ಭಾವ, ವಿಷಕ್ಕೆ ಬೆಲೆ ಬಂತಂತೆ ಕೇಳಿದಿರಾ ಎಂದೆ. ಸಂತೋಷ ಭಾವ, ಎಂದರು ಮಾಸ್ಟ್ರು. ಅವರ ಸಂತೋಷ ಎಂಥದ್ದು ಎಂದು ನನಗೆ ಗೊತ್ತು. ನಾನೂ ಅಂಥ ಸಂತೋಷವನ್ನೇ ಪಟ್ಟು ಬಂದವ.

ಎರಡನೆಯ ಕೆಲಸ, ಹೊಸ ಇದ್ದಿಲು ಮಾಡಿದ್ದು. ಸ್ವಲ್ಪ ಹೊಗೆಗೆ ಇಷ್ಟು ಆದರೆ ಹೆಚ್ಚು ಹೊಗೆಗೆ ಎಷ್ಟು ಆಗಬೇಡ? ಗೆರಟೆ ತುಂಬಿಸಿ ಗಂಧಕ ಇಟ್ಟೆ. ದಿನವೂ ಇಟ್ಟೆ. ಕೊಟ್ಟಿಗೆಯ ಬಾಗಿಲು ತೆರೆದರೆ ಕೋಳಿಗಳು ಅಂಗಳ ಬಿಟ್ಟು ಓಡುತ್ತಿದ್ದವು. ಆ ಡಬ್ಬ ಮಣಿಪಾಲಕ್ಕೆ ಹೋಯಿತು, ಮುಳ್ಳು ಬೆಳಗಿನಿಂದ ಸಂಜೆಯವರೆಗೂ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಈ ಸಲ ಸತ್ತೇ ಹೋಗಿತ್ತು. ಮೊದಲಿನ ಡಬ್ಬದಲ್ಲಿ ಉಳಿದದ್ದು ಒಂದು ಹಿಡಿ. ಒಮ್ಮೆ ಆದದ್ದು ಮತ್ತೆ ಮತ್ತೆ ಆಗದಿದ್ದರೆ ಅದನ್ನು ಯಾರೂ ನಂಬುವುದಿಲ್ಲವಂತೆ.

ನಿಶ್ಮಿತಾ ಬಂದು ಜಗಲಿಯಲ್ಲಿ ಕೂತಳು. ಮೊದಲ ಸಲ ಎಷ್ಟು ಗಂಧಕ ಹಾಕಿದ್ದಿರಿ ಎಂದು ಕೇಳಿದಳು. ಕೈಗೆ ಬಂದಷ್ಟು ಎಂದೆ. ಎಷ್ಟು ಹೊತ್ತು ಎಂದಳು. ಚಾ ಕುಡಿದು ಬರುವಷ್ಟು ಎಂದೆ. ಅವಳು ಮುಖ ಮುಚ್ಚಿಕೊಂಡಳು. ಲ್ಯಾಬಿನಲ್ಲೇ ಗಂಧಕ ಹಿಡಿಸಿ ನೋಡಿದ್ದಳು, ಅದೂ ಸರಿ ಬಂದಿರಲಿಲ್ಲ. ಈ ಹೊಗೆ ಇದ್ದಿಲಿನೊಳಗೆ ಸಣ್ಣಗೆ, ತಂಪಿನಲ್ಲಿ, ನಿಧಾನವಾಗಿ ಇಳಿದದ್ದರಲ್ಲೇ ಏನೋ ಇತ್ತು.

"ಅಜ್ಜ, ತೂಕ ಬೇಕು, ಉಷ್ಣತೆ ಬೇಕು, ಹೊತ್ತು ಬೇಕು. ನಾನು ಲ್ಯಾಬು ಬಿಟ್ಟು ಇಲ್ಲಿ ಕೂರಲಿಕ್ಕೆ ಆಗುವುದಿಲ್ಲ."

ಅವಳು ಇನ್ನೊಬ್ಬರ ಹೆಸರು ಹೇಳಲಿಲ್ಲ. ಹೇಳಿದ್ದರೆ ನಾನು ಸಿಟ್ಟು ಮಾಡಿಕೊಂಡು ತಪ್ಪಿಸಿಕೊಳ್ಳುತ್ತಿದ್ದೆ. ಹೇಳದೆ ಎದ್ದು ಬಸ್ಸಿಗೆ ಹೋದಳು. ನಾನು ಕೊಟ್ಟಿಗೆಯಲ್ಲಿ ಕೂತು ಯೋಚಿಸಿದೆ. ಕರೆದರೆ ಅರ್ಧ ಅವರದ್ದಾಗುತ್ತದೆ. ಅರ್ಧ ಎಂದು ನಾನು ಹೇಳಬೇಕು, ಮಾಸ್ಟ್ರು ಮಾತಾಡಲು ತೊಡಗಿದರೆ ಮುಕ್ಕಾಲು. ಕರೆಯದಿದ್ದರೆ ಪೂರ್ತಿ ನನ್ನದೇ, ಆದರೆ ಯಾವುದು ನನ್ನದು? ಅಟ್ಟದ ಮೇಲಿನ ಸತ್ತ ಇದ್ದಿಲು. ಸಂಜೆಯ ದೀಪ ಹೊತ್ತಿಸುವ ಮೊದಲು ಫೋನು ಮಾಡಿದೆ.

"ಭಾವ, ತಕ್ಕಡಿ ಉಂಟಾ ನಿಮ್ಮಲ್ಲಿ? ಸಣ್ಣದು."

"ಉಂಟು. ನಾಳೆ ಮೊದಲ ಬಸ್ಸಿಗೆ ಬರ್ತೇನೆ," ಎಂದರು. ಅಂದರೆ ಬಟ್ಟೆ ಕಟ್ಟಿ ಕಾಯುತ್ತಿದ್ದರು.

ಚೌತಿ ಕಳೆದು ನವರಾತ್ರಿ ಹತ್ತಿರ ಬರುವವರೆಗೂ ಮಾಸ್ಟ್ರು ನಮ್ಮಲ್ಲೇ ಇದ್ದರು. ತಮ್ಮ ಉಷ್ಣಮಾಪಕವನ್ನು ನನ್ನ ಡ್ರಮ್ಮಿಗೆ ಚುಚ್ಚಿದರು. ಹೊಗೆ ನೀಲಿಯಾಯಿತು ಮುಚ್ಚಿ ಎಂದು ನಾನು, ಇನ್ನೂ ಏರಬೇಕು ತಡೆಯಿರಿ ಎಂದು ಅವರು. ಗಂಧಕವನ್ನು ಅವರು ಔಷಧಿಯ ಹಾಗೆ ತೂಗುತ್ತಿದ್ದರು. ಕೊಟ್ಟಿಗೆಯ ಯಾವ ಮೂಲೆಗೆ ಹೊಗೆ ಹೇಗೆ ಹೋಗುತ್ತದೆ ಎಂಬುದು ಮಾತ್ರ ತೂಗುವ ವಿಷಯವಲ್ಲವಾದ್ದರಿಂದ ತಟ್ಟೆ ಇಡುವುದು ನನ್ನ ಪಾಲು. ಗುಲಾಬಿ ಇಬ್ಬರಿಗೂ ಚಾ ತಂದು, ಯಾರಿಗೆ ಮೊದಲು ಕೊಟ್ಟರೂ ಇನ್ನೊಬ್ಬರ ಮುಖ ಸಣ್ಣದಾಗುತ್ತದೆ ಎಂದು ತಟ್ಟೆಯನ್ನು ನಡುವೆ ಇಟ್ಟು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಹೊಗೆ ತಾಗಿ ಮಾಸ್ಟ್ರಿಗೆ ಜೋರು ಕೆಮ್ಮು. ಹೊರಗೆ ತಂದು ಕೂರಿಸಿ ಒದ್ದೆ ಬೈರಾಸು ಕೊಟ್ಟೆ. ಕಣ್ಣಿಗೆ ಒತ್ತಿಕೊಂಡರು. ಬೈರಾಸಿನ ಒಳಗಿನಿಂದಲೇ ಮಾತಾಡಿದರು.

"ಭಾವ, ಅವಳು ಚಿಕ್ಕವಳಿರುವಾಗ ರಜೆ ಸಿಕ್ಕಿದ ಕೂಡಲೇ ಇಲ್ಲಿಗೆ ಓಡಿ ಬರ್ತಿದ್ದಳು. ಹಿಂದೆ ಬಂದು ವಾರ ಆದರೂ ಅವಳ ಕೂದಲಲ್ಲಿ ನಿಮ್ಮ ಕೊಬ್ಬರಿಯ ಹೊಗೆ. ನಾನು ಲೆಕ್ಕ ಹೇಳಿಕೊಡಲಿಕ್ಕೆ ಕೂತರೆ, ಹಿರಿಯಡ್ಕ ಅಜ್ಜ ಹಾಗೆ ಮಾಡ್ತಾರೆ, ಹೀಗೆ ಮಾಡ್ತಾರೆ. ನನಗೆ ಎಂತ ಆಗ್ತಿತ್ತು ಅಂತ ನಿಮಗೆ ಗೊತ್ತುಂಟಾ?"

ಗೊತ್ತಿಲ್ಲದೆ ಏನು. ನನ್ನ ಜೀವಮಾನದಲ್ಲಿ ಅಷ್ಟು ಸಿಹಿಯಾದ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಮುಖದಲ್ಲಿ ಏನೂ ತೋರಿಸದೆ ಒಳಗೆ ಹೋಗಿ, ಮಾಸ್ಟ್ರಿಗೆ ಇವತ್ತು ಪಾಯಸ ಮಾಡು ಎಂದೆ. ಯಾವ ಹಬ್ಬ ಎಂದಳು ಗುಲಾಬಿ. ಮಾಡು ಎಂದೆ.

ನಾವಿಬ್ಬರೂ ಸೇರಿ ಮಾಡಿದ ಇದ್ದಿಲು ಡಬ್ಬ ಡಬ್ಬವಾಗಿ ಮಣಿಪಾಲಕ್ಕೆ ಹೋಯಿತು. ಮೊದಲಿನ ಕೆಲವು ಸರಿ ಬರಲಿಲ್ಲ. ನವರಾತ್ರಿಗೆ ಇನ್ನು ಸ್ವಲ್ಪ ದಿನ ಇರುವಾಗ ಒಂದು ಸರಿ ಬಂತು. ಅದೇ ತೂಕ, ಅದೇ ಹೊತ್ತು ಇಟ್ಟು ಮಾಡಿದ ಮುಂದಿನದೂ ಸರಿ ಬಂತು, ಅದರ ಮುಂದಿನದೂ. ಫೋನು ಬಂದದ್ದು ನನಗೂ ಅಲ್ಲ, ಮಾಸ್ಟ್ರಿಗೂ ಅಲ್ಲ. ಜಾಣೆ ಹುಡುಗಿ ಅಜ್ಜಿಯ ಮೊಬೈಲಿಗೆ ಮಾಡಿದಳು. ಗುಲಾಬಿ ಒದ್ದೆ ಕೈಯಲ್ಲಿ ಫೋನು ಹಿಡಿದು, ಆಯ್ತಂತೆ, ಕ್ಲೋರಿನ್ ಕೂತಲ್ಲೇ ಉಂಟಂತೆ, ಎಂದು ನಮ್ಮಿಬ್ಬರ ನಡುವೆ ಗೋಡೆಗೆ ಹೇಳಿದಳು. ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. ನಾನು ಸುಮ್ಮನೆ ಹೋಗಿ ತೆಂಗಿನಕಾಯಿ ಸುಲಿದೆ, ಕೈಗೆ ಏನಾದರೂ ಕೆಲಸ ಬೇಕಿತ್ತು.

ಅದನ್ನೆಲ್ಲ ಬರೆದು, ಒಪ್ಪಿಸಿ, ದೊಡ್ಡವರು ಓದಿ ಹಿಂದೆ ಕಳುಹಿಸುವಾಗ ಮತ್ತೊಂದು ಮಳೆಗಾಲ ಕಳೆಯಿತು. ಹೋದ ತಿಂಗಳು ಎಲ್ಲರೆದುರು ಅವಳನ್ನು ಪ್ರಶ್ನೆ ಕೇಳುವ ದಿನ. ಅಪ್ಪ ಅಮ್ಮನ ಜೊತೆ ನಮ್ಮನ್ನೂ ಕರೆದಿದ್ದಳು. ಮಣಿಪಾಲದ ಆ ತಂಪು ಸಭಾಂಗಣದಲ್ಲಿ ಮಾಸ್ಟ್ರು ಮತ್ತು ನಾನು ಪಕ್ಕ ಪಕ್ಕ. ಅವಳು ನೀಲಿ ಸೀರೆ ಉಟ್ಟು ಪರದೆಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ಮಾಸ್ಟ್ರು ಆಗಾಗ ತಲೆಯಾಡಿಸುತ್ತಿದ್ದರು, ನಾನು ಅವರ ತಲೆ ನೋಡಿಕೊಂಡು ಆಡಿಸಿದೆ. ಪರದೆಯಲ್ಲಿ ನನ್ನ ಕೊಟ್ಟಿಗೆಯ ಚಿತ್ರ ಬಂದಾಗ ಮಾತ್ರ ಮೊದಲು ಆಡಿಸಿದ್ದು ನಾನು.

ಕೊನೆಗೆ ಹೊರಗಿನ ಊರಿನಿಂದ ಬಂದಿದ್ದ ಒಬ್ಬ ಹಿರಿಯರು ಏನೋ ಕೇಳಿದರು. ನಿಶ್ಮಿತಾ ನಮ್ಮ ಕಡೆ ನೋಡಿ ಕನ್ನಡದಲ್ಲಿ, ಇದ್ದಿಲು ಮಾಡಿದವರು ಇಲ್ಲಿ ಇದ್ದಾರಾ ಅಂತ ಕೇಳ್ತಿದ್ದಾರೆ, ಎಂದಳು.

ಇಬ್ಬರೂ ಒಟ್ಟಿಗೆ ಎದ್ದೆವು. ಎದ್ದ ಮೇಲೆ ಮಾಸ್ಟ್ರು ನನ್ನ ಮುಖ ನೋಡಿದರು, ಮೆಲ್ಲಗೆ ಕೂತರು. "ನೀವು ನಿಲ್ಲಿ ಭಾವ. ಗಂಧಕ ನಿಮ್ಮದು," ಎಂದರು.

ಅಷ್ಟು ಜನರ ನಡುವೆ ನಾನೊಬ್ಬನೇ ನಿಂತೆ. ಎಲ್ಲರೂ ತಿರುಗಿ ನೋಡಿದರು. ಚಪ್ಪಾಳೆ ಹೊಡೆದರು. ಆ ಮಳೆಗಾಲ ಪೂರ್ತಿ ನಾನು ಬೇಡಿಕೊಂಡದ್ದು ಇದನ್ನೇ, ಇಷ್ಟನ್ನೇ. ಒಂದು ಗಳಿಗೆ ಚೆನ್ನಾಗಿ ಅನುಭವಿಸಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಕೆಳಗೆ ನೋಡಿದೆ. ಮಾಸ್ಟ್ರು ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದರು. ಇದ್ದಿಲು ಸುಡುವುದನ್ನು ಅವರು ಆಮೇಲೂ ಬಿಟ್ಟಿರಲಿಲ್ಲ, ಅವರ ಉಗುರಿನ ಸಂದಿಗಳು ನನ್ನ ಉಗುರುಗಳಂತೆಯೇ ಕಪ್ಪಾಗಿದ್ದವು. ಹಿಂದಿನ ಸಾಲಿನ ಹೆಂಗಸರು, ಎಂಥ ದೊಡ್ಡ ಮನಸ್ಸು ನೋಡಿ ಅವರದ್ದು, ಎನ್ನುವುದು ಕೇಳಿಸಿತು. ಚಪ್ಪಾಳೆ ನನಗೆ, ದೊಡ್ಡ ಮನಸ್ಸು ಅವರಿಗೆ. ನನ್ನಿಂದ ತಡೆಯಲಿಕ್ಕಾಗಲಿಲ್ಲ. ಅವರ ತೋಳಿಗೆ ಕೈ ಹಾಕಿ ಎತ್ತಿದೆ.

"ಏಳಿ ಭಾವ. ನಾಳೆ ಕಾಪುವಿಡೀ ನಾನೇ ಬಿಟ್ಟುಕೊಟ್ಟೆ ಅಂತ ಹೇಳಿಕೊಂಡು ತಿರುಗುವುದು ಬೇಡ."

ಅವರು ಎದ್ದರು. ನಗು ತಡೆದು ತಡೆದು ಅವರ ಹೆಗಲು ಅಲುಗುತ್ತಿತ್ತು, ಅದು ನನ್ನ ತೋಳಿಗೆ ತಾಗುತ್ತಿತ್ತು. ನಿಶ್ಮಿತಾ ನಮ್ಮಿಬ್ಬರನ್ನೂ ತೋರಿಸಿ ಇಂಗ್ಲಿಷಿನಲ್ಲಿ ಎಂತದೋ ಹೇಳಿದಳು. ಇಡೀ ಸಭೆ ನಕ್ಕಿತು, ಮೇಡಂ ಕಣ್ಣೊರೆಸಿಕೊಂಡರು. ಮಾಸ್ಟ್ರಿಗೆ ಅರ್ಥವಾಯಿತು, ನನಗೆ ಆಗಲಿಲ್ಲ. ಅವಳು ಎಂತ ಹೇಳಿದಳು ಎಂದು ನಾನು ಇವತ್ತಿನವರೆಗೆ ಅವರನ್ನು ಕೇಳಿಲ್ಲ. ಕೇಳಲಿ ಎಂದೇ ಅವರು ಕಾಯುತ್ತಿದ್ದಾರೆ. ಆ ಸುಖ ಅವರಿಗೆ ಯಾಕೆ ಕೊಡಬೇಕು?